ಬಿಳಿ ಚರ್ಮ, ಬೆಂಗಳೂರಿನ ಬಿಸಿಲು

(ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಚರ್ಮ, ಕೂದಲು, ಕಣ್ಣಿನಲ್ಲಿ ಬಣ್ಣ ಇಲ್ಲದಿರುವ ಅಥವಾ ತೀರಾ ಕಡಿಮೆ ಇರುವ ಸ್ಥಿತಿ. ಅದು ಇರುವ ಮಕ್ಕಳ ತಂದೆ-ತಾಯಿಯರು ಮತ್ತು ಶಾಲಾ ಶಿಕ್ಷಕರು ಸೇರಿದ್ದ ಬಸವನಗುಡಿಯ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ವಿನಂತಿ. ಎಡಗಡೆ ಕಿಟಕಿಯ ಪರದೆಯನ್ನು ಯಾರಾದರೂ ಸ್ವಲ್ಪ ಎಳೆಯುತ್ತೀರಾ? ಬೆಳಕು ನೇರವಾಗಿ ಕಣ್ಣಿಗೆ ಹೊಡೆದರೆ ನಿಮ್ಮ ಮುಖಗಳು ನನಗೆ ಕಾಣುವುದಿಲ್ಲ. ಹಾಂ, ಸಾಕು. ತುಂಬಾ ಉಪಕಾರವಾಯಿತು.

ಈಗ ನಾನು ಕೇಳಿದೆನಲ್ಲ, ಇವತ್ತು ಹೇಳಬೇಕೆಂದು ಬಂದಿರುವುದು ಅದನ್ನೇ. ನಿಮ್ಮ ಮಕ್ಕಳು ಒಂದು ದಿನ ತುಂಬಿದ ಸಭೆಯಲ್ಲಿ ಎದ್ದುನಿಂತು, ಅಳುಕದೆ, ಕ್ಷಮೆ ಕೇಳದೆ, ಪರದೆ ಎಳೆಯಿರಿ ಅನ್ನುವಂತಾಗಬೇಕು. ಸಂಘಟಕರು ನನಗೆ ಕೊಟ್ಟ ವಿಷಯ, ಹುಟ್ಟಿನಿಂದ ಬಂದ ಬಿಳಿ ಬಣ್ಣ ಮತ್ತು ಆತ್ಮವಿಶ್ವಾಸ. ಆತ್ಮವಿಶ್ವಾಸ ಎಂದರೆ ಕನ್ನಡಿ ಮುಂದೆ ನಿಂತು ನಾನು ಚೆನ್ನಾಗಿದ್ದೇನೆ ಎಂದು ಹೇಳಿಕೊಳ್ಳುವುದು ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಅದು ಆ ದಾರಿಯಲ್ಲಿ ಬರಲಿಲ್ಲ. ಈ ಚರ್ಮಕ್ಕೆ ಏನು ಬೇಕು, ಈ ಕಣ್ಣಿಗೆ ಏನು ಬೇಕು ಎಂದು ತಿಳಿದುಕೊಂಡು, ಅದನ್ನು ನಾಚಿಕೆಯಿಲ್ಲದೆ ಕೇಳುವುದನ್ನು ಕಲಿತಾಗ ಬಂತು.

ನಾನು ಹುಟ್ಟಿದ್ದು ಚಾಮರಾಜಪೇಟೆಯಲ್ಲಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕೂದಲು ಬಿಳಿ, ಹುಬ್ಬು ಬಿಳಿ, ರೆಪ್ಪೆ ಬಿಳಿ. ಅದು ನಿಮಗೇ ಕಾಣುತ್ತಿದೆ.

ನಮ್ಮ ಮನೆಗಳಲ್ಲಿ ಬಸುರಿ ಹೆಂಗಸಿಗೆ ಕೇಸರಿ ಹಾಕಿದ ಹಾಲು ಕೊಡುತ್ತಾರೆ, ಮಗು ಬೆಳ್ಳಗೆ ಹುಟ್ಟಲಿ ಅಂತ. ಹೆಣ್ಣು ನೋಡಲು ಬಂದವರು ಮನೆಗೆ ವಾಪಸು ಹೋದಮೇಲೆ ಮೊದಲು ಆಡುವ ಮಾತು ಬಣ್ಣದ್ದೇ. ವಧೂವರರ ಜಾಹೀರಾತಿನಲ್ಲಿ ಓದು, ಸಂಬಳ, ಗೋತ್ರ, ನಕ್ಷತ್ರದ ಜೊತೆಗೆ ಬಣ್ಣಕ್ಕೂ ಒಂದು ಜಾಗ ಇದ್ದೇ ಇದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅದಕ್ಕೂ ಮುಂಚೆ, 2014ರಲ್ಲೇ, ಕಪ್ಪಗಿರುವವರನ್ನು ಕೀಳಾಗಿ ತೋರಿಸುವ ಜಾಹೀರಾತು ಕೂಡದು ಎಂದು ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ ಮಾರ್ಗಸೂಚಿ ಮಾಡಿತ್ತು. ಡಬ್ಬದ ಮೇಲಿನ ಹೆಸರು ಬದಲಾಯಿತು. ಅಡುಗೆಮನೆಯ ಮಾತು ಬದಲಾಗಲಿಲ್ಲ.

ಇಂಥ ಊರಿನಲ್ಲಿ ನಾವು ಹುಟ್ಟುತ್ತೇವೆ. ಹೆರಿಗೆ ವಾರ್ಡಿನಲ್ಲಿ ಮೊದಲ ದಿನ ಎಷ್ಟು ಬೆಳ್ಳಗಿದೆ ಮಗು ಎಂದು ಸಂಭ್ರಮಪಟ್ಟವರೇ, ನಾಮಕರಣದ ಹೊತ್ತಿಗೆ ಯಾಕೆ ಹೀಗಿದೆ ಎಂದು ಪಿಸುಗುಟ್ಟುತ್ತಾರೆ. ಬಿಳುಪು ಒಂದು ಗೆರೆಯ ತನಕ ಲಕ್ಷಣ, ಗೆರೆ ದಾಟಿದರೆ ರೋಗ. ಆ ಗೆರೆ ಎಲ್ಲಿದೆ ಎಂದು ಕೇಳಿದರೆ ಯಾರೂ ತೋರಿಸಲಾರರು. ಆದರೆ ಮಗು ಅದನ್ನು ದಾಟಿದೆ ಎಂದು ಎಲ್ಲರಿಗೂ ಗೊತ್ತು.

ಅದಕ್ಕೇ ತಂದೆ-ತಾಯಿಯರಲ್ಲಿ ಕೇಳಿಕೊಳ್ಳುತ್ತೇನೆ. ಮಗುವಿಗೆ ಧೈರ್ಯ ಹೇಳುವಾಗ, ಬೆಳ್ಳಗಿದ್ದೀಯ, ಎಲ್ಲರಿಗೂ ಇದೇ ಬಣ್ಣ ಬೇಕು, ನಿನಗೆ ಪುಕ್ಕಟೆ ಸಿಕ್ಕಿದೆ ಅನ್ನಬೇಡಿ. ಪ್ರೀತಿಯಿಂದಲೇ ಹೇಳುತ್ತೀರಿ, ನನಗೆ ಗೊತ್ತು. ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಆದರೆ ಅದೇ ತಕ್ಕಡಿಯಲ್ಲಿ ಪಕ್ಕದ ಮನೆಯ ಕಪ್ಪು ಹುಡುಗಿಯನ್ನೂ ತೂಗುತ್ತಾರೆ, ಅವಳು ನಿಮ್ಮ ಮಗಳ ಗೆಳತಿ. ನಾಳೆ ಬೀದಿಯಲ್ಲಿ ಯಾರೋ ನಿಮ್ಮ ಮಗಳನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದಾಗ, ಎಲ್ಲರಿಗೂ ಬೇಕಾದ ಬಣ್ಣವಾದರೆ ನನ್ನನ್ನು ಯಾಕೆ ಹೀಗೆ ನೋಡುತ್ತಾರೆ ಎಂದು ಅವಳು ಕೇಳುತ್ತಾಳೆ. ಆ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಉತ್ತರ ಇರುವುದು ಬೇರೆ ಕಡೆ. ಮಗುವಿಗೆ ನಿಜವನ್ನೇ ಹೇಳಿ, ಅದು ಅಷ್ಟೇನೂ ಕಷ್ಟವಿಲ್ಲ. ಕಪ್ಪಗಿರುವವರ ಚರ್ಮದಲ್ಲೂ ಬೆಳ್ಳಗಿರುವವರ ಚರ್ಮದಲ್ಲೂ ಬಣ್ಣ ತಯಾರಿಸುವ ಜೀವಕೋಶಗಳು ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿರುತ್ತವೆ. ಮೆಲನೊಸೈಟ್ ಎಂದು ಅವುಗಳ ಹೆಸರು. ನನ್ನ ಚರ್ಮದಲ್ಲೂ ಇವೆ. ಅವು ತಯಾರಿಸುವ ಮೆಲನಿನ್ ಎಷ್ಟು, ಅದು ಹೇಗೆ ಹರಡಿಕೊಳ್ಳುತ್ತದೆ ಎಂಬುದರಲ್ಲಿ ಎಲ್ಲ ವ್ಯತ್ಯಾಸ. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಮೆಲನಿನ್ ಆಗಬೇಕಾದರೆ ಟೈರೋಸಿನೇಸ್ ಎಂಬ ಕಿಣ್ವ ಕೆಲಸ ಮಾಡಬೇಕು. ಆ ಕಿಣ್ವದ ಜೀನಿನಲ್ಲಿ ಬದಲಾವಣೆ ಇದ್ದರೆ ಅದು ಆಲ್ಬಿನಿಸಂನ ಒಂದನೇ ಬಗೆ. ಓಸಿಎ2 ಎಂಬ ಇನ್ನೊಂದು ಜೀನಿನಲ್ಲಿದ್ದರೆ ಎರಡನೇ ಬಗೆ. ಇನ್ನೂ ಕೆಲವು ಬಗೆಗಳಿವೆ. ಕೆಲವರಿಗೆ ಬಣ್ಣವೇ ಬರುವುದಿಲ್ಲ, ಕೆಲವರಿಗೆ ದೊಡ್ಡವರಾಗುತ್ತಾ ಕೂದಲು ಹೊಂಬಣ್ಣಕ್ಕೆ ತಿರುಗುತ್ತದೆ. ಯುರೋಪು, ಉತ್ತರ ಅಮೆರಿಕಗಳಲ್ಲಿ ಸುಮಾರು 17,000ದಿಂದ 20,000 ಜನರಲ್ಲಿ ಒಬ್ಬರಿಗೆ ಇದು ಇದೆ ಎಂದು ಅಂದಾಜು, ತಾಂಜಾನಿಯಾದಲ್ಲಿ ಸುಮಾರು 1,400 ಜನರಲ್ಲಿ ಒಬ್ಬರಿಗೆ.

ಇದು ತೊನ್ನಲ್ಲ. ತೊನ್ನಿನಲ್ಲಿ ಇದ್ದ ಬಣ್ಣ ಮಚ್ಚೆ ಮಚ್ಚೆಯಾಗಿ ಹೋಗುತ್ತದೆ, ನಮಗೆ ಹುಟ್ಟಿನಿಂದಲೇ ಹೀಗೆ. ಎರಡೂ ಅಂಟುವುದಿಲ್ಲ, ಎರಡಕ್ಕೂ ಕುಷ್ಠಕ್ಕೂ ಯಾವ ಸಂಬಂಧವೂ ಇಲ್ಲ. ತೊನ್ನು ಇರುವವರೊಡನೆ ನಮ್ಮನ್ನು ಸೇರಿಸಿದರು ಎಂದು ನೊಂದುಕೊಳ್ಳುವ ಪಾಲಕರನ್ನು ನೋಡಿದ್ದೇನೆ. ಅದರಲ್ಲಿ ನೊಂದುಕೊಳ್ಳಲು ಏನೂ ಇಲ್ಲ. ಅವರೂ ನಮ್ಮಂತೆಯೇ ಜನರ ಕಣ್ಣಿಗೆ ಬಿದ್ದವರು.

ತಾಯಂದಿರ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಗ್ರಹಣದಲ್ಲಿ ಹೊರಗೆ ಬಂದಳು, ಅದನ್ನು ತಿಂದಳು, ಇದನ್ನು ನೋಡಿದಳು ಎಂಬ ಮಾತು ಕೇಳದ ತಾಯಿ ಈ ಕೋಣೆಯಲ್ಲಿ ಒಬ್ಬರಾದರೂ ಇದ್ದೀರಾ? ಇದಕ್ಕಿಂತ ಹೊಲಸು ಅನುಮಾನವನ್ನೂ ಕೆಲವರು ಎದುರಿಸಿರುತ್ತೀರಿ, ಇಬ್ಬರೂ ಎಣ್ಣೆಗಪ್ಪು, ಮಗು ಎಲ್ಲಿಂದ ಬಂತು ಎಂಬಂಥದ್ದು. ಅಮ್ಮಂದಿರೇ, ಇದು ಒಬ್ಬರಿಂದ ಬರುವುದೇ ಅಲ್ಲ. ಸಾಮಾನ್ಯವಾಗಿ ಕಾಣುವ ಈ ಬಗೆಗಳಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡು ಬದಲಾದ ಪ್ರತಿಗಳು ಸೇರಿದರೆ ಮಾತ್ರ ಮಗುವಿನಲ್ಲಿ ಆಲ್ಬಿನಿಸಂ ಕಾಣುತ್ತದೆ. ಒಂದೇ ಪ್ರತಿ ಇರುವ ತಂದೆಯೂ ತಾಯಿಯೂ ಎಲ್ಲರ ಹಾಗೇ ಇರುತ್ತಾರೆ, ತಮ್ಮಲ್ಲಿ ಅದಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಅಂಥ ಇಬ್ಬರಿಗೆ ಹುಟ್ಟುವ ಪ್ರತಿ ಮಗುವಿಗೂ ಸಾಧ್ಯತೆ ನೂರರಲ್ಲಿ 25. ನಮ್ಮಲ್ಲಿ ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿ ಇದೆ. ಸೋದರಮಾವ-ಸೋದರಸೊಸೆಯ ನಡುವೆ ಸರಾಸರಿ ನಾಲ್ಕರಲ್ಲಿ ಒಂದು ಪಾಲು, ಅತ್ತೆ-ಮಾವನ ಮಕ್ಕಳ ನಡುವೆ ಎಂಟರಲ್ಲಿ ಒಂದು ಪಾಲು ಜೀನುಗಳು ಒಂದೇ ಆಗಿರುತ್ತವೆ. ಅಂಥ ಮನೆಗಳಲ್ಲಿ ಒಂದೇ ಬಗೆಯ ಎರಡು ಪ್ರತಿಗಳು ಸೇರುವ ಅವಕಾಶ ಹೆಚ್ಚು. ಇದನ್ನು ನಾನು ಯಾರ ಮನೆಯನ್ನೂ ದೂರಲು ಹೇಳುತ್ತಿಲ್ಲ, ಮದುವೆ ಮಾತುಕತೆಯ ಮುಂಚೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಬಣ್ಣದ ವಿಜ್ಞಾನದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ತಿಳಿ ಬಣ್ಣಕ್ಕೆ ಸಂಬಂಧಿಸಿದ ಎಸ್‌ಎಲ್‌ಸಿ24ಎ5 ಎಂಬ ಜೀನಿನ ಮಹತ್ವ 2005ರಲ್ಲಿ ಜೀಬ್ರಾ ಮೀನಿನ ಅಧ್ಯಯನದಿಂದ ಗೊತ್ತಾಯಿತು. ಆ ಜೀನಿನ ತಿಳಿಬಣ್ಣದ ರೂಪ ಭಾರತೀಯರಲ್ಲೂ ಯುರೋಪಿನವರಲ್ಲೂ ಒಂದೇ ಮೂಲದಿಂದ ಬಂದದ್ದೆಂದು ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ನಡೆಸಿದ ಸಂಶೋಧನೆ 2013ರಲ್ಲಿ ತೋರಿಸಿತು. ಒಂದೇ ಮನೆಯಲ್ಲಿ ಅಕ್ಕ ಬೆಳ್ಳಗೆ, ತಂಗಿ ಕಪ್ಪಗೆ ಇರುವ ಹಿಂದೆ ಇಂಥ ಎಷ್ಟೋ ಜೀನುಗಳ ಕಲಸುಮೇಲೋಗರವಿದೆ. ಅಕ್ಕನ ಪುಣ್ಯವೂ ಇಲ್ಲ, ತಂಗಿಯ ಪಾಪವೂ ಇಲ್ಲ. ಇದನ್ನು ಪ್ರತಿ ವರ್ಷ ನನ್ನ ಮಕ್ಕಳಿಗೆ ಹೇಳುತ್ತೇನೆ, ಪಠ್ಯದಲ್ಲಿ ಇಲ್ಲದಿದ್ದರೂ.

ಶಾಲೆ ಶುರುವಾದ ಮೊದಲ ವಾರವೇ ಎಂಟನೇ ತರಗತಿಯ ಮಕ್ಕಳು ಕೇಳುತ್ತಾರೆ. "ಮಿಸ್, ನಿಮ್ಮ ಕೂದಲು ಯಾಕೆ ಬಿಳಿ? ನಿಮ್ಮ ಕಣ್ಣು ಯಾಕೆ ಅಲ್ಲಾಡುತ್ತೆ?" ಪುಸ್ತಕ ಮುಚ್ಚಿಟ್ಟು ಹೇಳುತ್ತೇನೆ. ಅವತ್ತಿಗೆ ಅವರ ಕುತೂಹಲ ಮುಗಿಯಿತು, ಮರುದಿನದಿಂದ ನಾನು ಹೋಮ್‌ವರ್ಕ್ ಕೇಳುವ ಮಿಸ್ ಅಷ್ಟೇ. ಮಕ್ಕಳು ಕೇಳುತ್ತಾರೆ, ದೊಡ್ಡವರು ದಿಟ್ಟಿಸುತ್ತಾರೆ. ನನಗೆ ಕೇಳುವವರೇ ಇಷ್ಟ.

ದೊಡ್ಡವರ ಪೈಕಿ ಆಟೋ ಚಾಲಕರು ಪರವಾಗಿಲ್ಲ, ಬಾಯಿಬಿಟ್ಟು ಮಾತಾಡಿಸುತ್ತಾರೆ. "ಮೇಡಂ, ವೇರ್ ಗೋಯಿಂಗ್?" ಎಂದು ಇಂಗ್ಲಿಷಿನಲ್ಲಿ. "ಚಾಮರಾಜಪೇಟೆ ಅಣ್ಣಾ, ಮೀಟರ್ ಹಾಕಿ" ಎಂದರೆ ತಿರುಗಿ ನೋಡಿ, "ಅಯ್ಯೋ, ನಮ್ಮೋರೇನಾ ಅಕ್ಕಾ!" ಎಂದು ನಗುತ್ತಾರೆ. ಆಮೇಲೆ ದಾರಿಯುದ್ದಕ್ಕೂ ಮನೆ ಮಾತು. ಗಾಂಧಿ ಬಜಾರಿನಲ್ಲಿ ಮೊಳ ಹೂವಿಗೆ ವಿದೇಶಿಯರ ರೇಟು ಹೇಳಿದ ಅಜ್ಜಿ, ನಾನು ಕನ್ನಡದಲ್ಲಿ ಚೌಕಾಸಿ ಮಾಡಿದಾಗ ಕೈಹಿಡಿದು ಕೂರಿಸಿಕೊಂಡು ಯಾರ ಮಗಳು ಎಂದು ಕೇಳಿದ್ದೂ ಇದೆ. ಈ ಪ್ರಸಂಗಗಳು ನನಗೆ ನೋವು ಕೊಡುವುದಿಲ್ಲ. ನೋವು ಕೊಡುವುದು, ನನ್ನ ಊರಿನಲ್ಲೇ ನಾನು ಯಾವ ಊರಿನವಳೆಂದು ದಿನವೂ ರುಜುವಾತು ಮಾಡಬೇಕಾಗಿ ಬರುವುದು. ಹದಿಹರೆಯದ ಮಕ್ಕಳಿಗೆ ಅದು ದಣಿವಾಗಿಬಿಡುತ್ತದೆ, ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಬಿಡಲು ಕೊಡಬೇಡಿ. ಹಾಲು ತರಲು, ಬಸ್ಸು ಹತ್ತಲು, ಅಂಗಡಿಗೆ ಹೋಗಲು ಅವರನ್ನೇ ಕಳಿಸಿ. ಬೀದಿಯ ನಾಲ್ಕು ಅಂಗಡಿಯವರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾದರೆ, ಆ ಬೀದಿಯಲ್ಲಿ ಮಗುವಿನ ಬಣ್ಣ ಯಾರಿಗೂ ಕಾಣುವುದಿಲ್ಲ.

ಇಲ್ಲಿಯವರೆಗೆ ಚರ್ಮದ ಮಾತಾಯಿತು. ಜನ ಚರ್ಮವನ್ನೇ ನೋಡುತ್ತಾರಾದ್ದರಿಂದ ಮನೆಯವರೂ ಚರ್ಮದ ಬಗ್ಗೆಯೇ ಚಿಂತೆ ಮಾಡುತ್ತಾರೆ. ನಮ್ಮ ಬದುಕಿನ ಅರ್ಧಕ್ಕೂ ಹೆಚ್ಚು ತೊಡಕು ಇರುವುದು ಕಣ್ಣಿನಲ್ಲಿ, ಸ್ನೇಹಿತರೇ. ಕಣ್ಣಿನ ಬೆಳವಣಿಗೆಗೂ ಮೆಲನಿನ್ ಬೇಕು. ಸೂಕ್ಷ್ಮವಾಗಿ ನೋಡುವ ಫೋವಿಯಾ ಎಂಬ ಭಾಗ ನಮ್ಮಲ್ಲಿ ಪೂರ್ತಿ ಬೆಳೆದಿರುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳಲ್ಲಿ ಎದುರು ಬದಿಗೆ ದಾಟುವ ಪಾಲು ನಿಮಗಿಂತ ನಮ್ಮಲ್ಲಿ ಹೆಚ್ಚು, ಅದರಿಂದ ಆಳದ ಅಂದಾಜು ಸರಿಯಾಗಿ ಸಿಗುವುದಿಲ್ಲ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಬಳಿಯಿರಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಅದಕ್ಕೇ. ಕನ್ನಡಕ ಒಂದಿಷ್ಟು ಸಹಾಯ ಮಾಡುತ್ತದೆ, ಪೂರ್ತಿ ಸರಿಮಾಡುವುದಿಲ್ಲ. ಕನ್ನಡಕ ಹಾಕಿಕೊಂಡರೂ ಬೋರ್ಡ್ ಕಾಣುವುದಿಲ್ಲವಾ ಎಂದು ಮಗುವನ್ನು ಗದರುವ ಶಿಕ್ಷಕರು ಇದನ್ನು ತಿಳಿದಿರಲಿ.

ಕಣ್ಣುಗುಡ್ಡೆ ಅತ್ತಿತ್ತ ಓಲಾಡುವುದಕ್ಕೆ ನಿಸ್ಟಾಗ್ಮಸ್ ಎನ್ನುತ್ತಾರೆ. ಅದು ನಮ್ಮ ಹತೋಟಿಯಲ್ಲಿಲ್ಲ. ಆದರೆ ತಲೆಯನ್ನು ಒಂದು ಕಡೆಗೆ ಇಷ್ಟೇ ವಾಲಿಸಿದಾಗ, ಇಷ್ಟೇ ತಿರುಗಿಸಿದಾಗ ಓಲಾಟ ಕಡಿಮೆಯಾಗಿ ಅಕ್ಷರ ಸ್ವಲ್ಪ ನಿಲ್ಲುತ್ತದೆ. ಪ್ರತಿಯೊಬ್ಬರಿಗೂ ಆ ಕೋನ ಬೇರೆ, ಮಗು ಅದನ್ನು ತಾನೇ ಕಂಡುಕೊಂಡಿರುತ್ತದೆ. ನಾವು ಏನು ಮಾಡುತ್ತೇವೆ? ಕತ್ತು ನೆಟ್ಟಗೆ ಇಟ್ಟುಕೋ, ಮಾತಾಡುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡು, ಸುಳ್ಳು ಹೇಳುವವರ ಹಾಗೆ ಅತ್ತಿತ್ತ ನೋಡಬೇಡ ಎಂದು ಗದರುತ್ತೇವೆ. ಮಗು ನೋಡಲು ಕಂಡುಕೊಂಡ ಒಂದೇ ಒಂದು ಉಪಾಯವನ್ನು ಶಿಸ್ತಿನ ಹೆಸರಲ್ಲಿ ಕಿತ್ತುಕೊಳ್ಳುತ್ತೇವೆ. ಮಗುವಿನ ಆತ್ಮವಿಶ್ವಾಸ ಮೊದಲು ಮುರಿಯುವುದು ಇಲ್ಲೇ. ಬೀದಿಯ ಪೋಕರಿ ಕೂಗುವ ಅಡ್ಡಹೆಸರಿಗಿಂತ ಇದು ಆಳಕ್ಕೆ ಇಳಿಯುತ್ತದೆ, ಯಾಕೆಂದರೆ ಇದನ್ನು ಹೇಳುವವರು ಮಗು ನಂಬಿದವರು.

ಕನ್ನಡ ಓದುವ ಮಕ್ಕಳಿಗೆ ಇನ್ನೊಂದು ಕಷ್ಟ ಇದೆ, ಇದನ್ನು ಬೇರೆ ಭಾಷೆಯ ಪುಸ್ತಕಗಳಲ್ಲಿ ಯಾರೂ ಬರೆದಿರುವುದಿಲ್ಲ. ನಮ್ಮ ಒತ್ತಕ್ಷರ. ಅಕ್ಷರ ಓದಲು ಸಿಗುತ್ತದೆ, ಅದರ ಕೆಳಗಿನ ಒತ್ತು ಸಿಗುವುದಿಲ್ಲ. ತ ಒತ್ತೋ ನ ಒತ್ತೋ, ಯ ಒತ್ತೋ ಮ ಒತ್ತೋ, ಸಣ್ಣಗೆ ಕೆಳಗೆ ಕೂತು ಕಲಸಿಹೋಗಿರುತ್ತದೆ. ಮಗು ಅಂದಾಜಿನ ಮೇಲೆ ಓದುತ್ತದೆ, ತಪ್ಪುತ್ತದೆ, ಓದಲು ಬರುವುದಿಲ್ಲ ಎಂಬ ಹಣೆಪಟ್ಟಿ ಬೀಳುತ್ತದೆ. ದೊಡ್ಡ ಅಕ್ಷರದ ಮುದ್ರಣಕ್ಕೆ 18 ಪಾಯಿಂಟ್ ಸಾಕೆಂದು ಇಂಗ್ಲಿಷಿಗೆ ಸಾಮಾನ್ಯವಾಗಿ ಹೇಳುತ್ತಾರೆ. ಕನ್ನಡಕ್ಕೆ ನಾನು 24 ಇಡುತ್ತೇನೆ, ಸಾಲುಗಳ ನಡುವೆ ಹೆಚ್ಚು ಜಾಗ ಬಿಡುತ್ತೇನೆ. ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುವಾಗ ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿ ಕೊಟ್ಟರೂ ಎಷ್ಟೋ ಅನುಕೂಲ. ಕೆಲವೇ ರೂಪಾಯಿ ಹೆಚ್ಚು ಖರ್ಚು, ಅಷ್ಟೇ. ಮೇಜು ಇಳಿಜಾರಾಗಿದ್ದರೆ ಬೆನ್ನು ಬಗ್ಗಿಸಿ ಪುಸ್ತಕದ ಮೇಲೆ ಬೀಳುವುದು ತಪ್ಪುತ್ತದೆ. ಫೋನಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡುವುದಂತೂ ಈಗ ಎಲ್ಲರ ಕೈಗೆ ಸಿಗುವ ಭೂತಗನ್ನಡಿ.

ಓಡಾಟದಲ್ಲೂ ಹಾಗೇ. ಬರುವ ಬಸ್ಸಿನ ನಂಬರು ಓದಿ ಕೈ ಅಡ್ಡ ಹಾಕುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಪಕ್ಕದವರನ್ನು ಕೇಳಬೇಕು. "ಅಷ್ಟು ದೊಡ್ಡದಾಗಿ ಬರೆದಿದೆಯಲ್ಲಮ್ಮ" ಎನ್ನುವವರಿಗೆ "ನನಗೆ ದೂರದ್ದು ಕಾಣಲ್ಲ, ಹೇಳಿ" ಎಂದರೆ ಮುಗಿಯಿತು. ಮೆಟ್ರೋ ಬಂದಮೇಲೆ ನನ್ನ ಬದುಕು ಎಷ್ಟು ಹಗುರವಾಯಿತು ಎಂದರೆ ನಿಮಗೆ ಆಶ್ಚರ್ಯವಾದೀತು. 2011ರಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಮೊದಲ ರೈಲು ಓಡಿದಾಗಿನಿಂದ ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಅದು ಬಾಯಲ್ಲಿ ಹೇಳುತ್ತದೆ. ಯಾರನ್ನೂ ಕೇಳದೆ ಒಬ್ಬಳೇ ಊರ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬರುವ ಸುಖವನ್ನು ಕಾಣುವ ಕಣ್ಣಿನವರಿಗೆ ವಿವರಿಸುವುದು ಕಷ್ಟ.

ಈಗ ಬಿಸಿಲು. ಬೆಂಗಳೂರು ತಂಪು ಊರು ಎಂಬ ಮಾತು ನಮ್ಮ ಚರ್ಮಕ್ಕೆ ಮಾಡಿದಷ್ಟು ಹಾನಿಯನ್ನು ಬೇರೆ ಯಾವುದೂ ಮಾಡಿಲ್ಲ. ಚರ್ಮ ಸುಡುವುದು ನೇರಳಾತೀತ, ಅಂದರೆ ಯುವಿ ಕಿರಣ. ಅದಕ್ಕೂ ಗಾಳಿಯ ಸೆಖೆಗೂ ಸಂಬಂಧವಿಲ್ಲ. ನಮ್ಮ ಊರು ಸಮಭಾಜಕದಿಂದ ಬರೀ 13 ಡಿಗ್ರಿ ಉತ್ತರಕ್ಕಿದೆ. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೆ ನಿಂತು ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಆಚರಿಸುತ್ತೇವಲ್ಲ, ಅದೇ. ಜೊತೆಗೆ ನಾವಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಸಾವಿರ ಮೀಟರ್ ಮೇಲೇರಿದರೆ ಈ ಕಿರಣ ಸುಮಾರು ಶೇಕಡಾ 10ರಷ್ಟು ಹೆಚ್ಚಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಇಲ್ಲಿಯ ಯುವಿ ಸೂಚ್ಯಂಕ 11 ದಾಟುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಅತಿ ತೀವ್ರ. ಆಷಾಢದ ಗಾಳಿ ಬೀಸಿ ಮೋಡ ಕವಿದಾಗ ಟೋಪಿ ಯಾಕೆ ಎನ್ನಬೇಡಿ, ತೆಳು ಮೋಡದ ಮೂಲಕ ಶೇಕಡಾ 80ರವರೆಗೂ ಕಿರಣ ಇಳಿದುಬರುತ್ತದೆ.

ಮಕ್ಕಳಿಗೆ ಸೂಚ್ಯಂಕ ಗೀಚ್ಯಂಕ ಬೇಡ, ನೆರಳು ನೋಡುವುದನ್ನು ಕಲಿಸಿ. ನೆರಳು ತನ್ನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ಜೋರು, ಆಗ ಆಟ ಮರದ ಕೆಳಗೆ.

ಸನ್‌ಸ್ಕ್ರೀನನ್ನು ಅಂಗಡಿಯವರು ಬಿಳಿಯಾಗಿಸುವ ಕ್ರೀಮುಗಳ ಪಕ್ಕದಲ್ಲಿ ಜೋಡಿಸಿಟ್ಟಿರುತ್ತಾರೆ. ನಿಮಗ್ಯಾಕೆ ಮೇಡಂ ಇದು ಎಂದು ನನ್ನನ್ನೇ ಕೇಳಿದ್ದಾರೆ. ನಮಗೆ ಅದು ಅಲಂಕಾರದ ಸಾಮಾನಲ್ಲ, ಔಷಧಿಯಷ್ಟೇ ಮುಖ್ಯ. ಎಸ್‌ಪಿಎಫ್ 30 ಇರುವುದು ಯುವಿ-ಬಿ ಕಿರಣದ ಸುಮಾರು ಶೇಕಡಾ 97ನ್ನು ತಡೆಯುತ್ತದೆ, ಆದರೆ ಧಾರಾಳವಾಗಿ ಹಚ್ಚಿದರೆ ಮಾತ್ರ. ಮುಖ-ಕತ್ತಿಗೆ ಎರಡು ಬೆರಳುದ್ದ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿವಿಯ ಮೇಲ್ಭಾಗ, ಕತ್ತಿನ ಹಿಂದೆ, ಬೈತಲೆ, ಚಪ್ಪಲಿಯ ಪಟ್ಟಿಗಳ ನಡುವಿನ ಪಾದ, ಸೀರೆ ಉಡುವವರಿಗೆ ಬೆನ್ನು ಮತ್ತು ಸೊಂಟ, ಗಾಡಿ ಓಡಿಸುವವರಿಗೆ ಮುಂಗೈ, ಇವೆಲ್ಲ ಮರೆತುಹೋಗುವ ಜಾಗಗಳು. ಅಗಲ ಅಂಚಿನ ಟೋಪಿ, ತುಂಬುತೋಳಿನ ಹತ್ತಿ ಬಟ್ಟೆ, ಕೊಡೆ ಇವು ಕ್ರೀಮಿಗಿಂತ ಅಗ್ಗ, ಕ್ರೀಮಿಗಿಂತ ನಂಬಿಕಸ್ಥ. ಗಂಡುಮಕ್ಕಳು ಬಿಸಿಲಿಗೆ ಕೊಡೆ ಹಿಡಿಯಲು ನಾಚುತ್ತಾರೆ. ಅಪ್ಪಂದಿರು ತಾವೂ ಒಂದು ಕೊಡೆ ಹಿಡಿದು ಅವರ ಜೊತೆ ನಡೆಯಲಿ. ವಾರಗಟ್ಟಲೆ ಮಾಯದ ಹುಣ್ಣು, ಹಕ್ಕಳೆ ಕಂಡರೆ ಚರ್ಮವೈದ್ಯರಿಗೆ ತೋರಿಸಿ. ನಮಗೆ ಚರ್ಮದ ಕ್ಯಾನ್ಸರಿನ ಅಪಾಯ ನಿಜವಾದದ್ದು, ಬೇಗ ಹಿಡಿದರೆ ಗುಣವಾಗುವುದೂ ನಿಜ. ತಾಂಜಾನಿಯಾದ ಮೋಶಿಯಲ್ಲಿ ಆಲ್ಬಿನಿಸಂ ಇರುವವರಿಗೆಂದೇ ಕಿಲಿಸನ್ ಎಂಬ ಸನ್‌ಸ್ಕ್ರೀನ್ ಸ್ಥಳೀಯವಾಗಿ ತಯಾರಾಗುತ್ತದೆ. ಇಷ್ಟೊಂದು ಔಷಧಿ ಕಂಪನಿಗಳಿರುವ ನಮ್ಮ ದೇಶದಲ್ಲಿ ಅಂಥದ್ದು ಯಾಕೆ ಆಗಬಾರದು ಎಂದು ನಾವು ಕೇಳಬೇಕು.

ಆಲ್ಬಿನಿಸಂ ಇರುವವರನ್ನು ಅಂಗಾಂಗಕ್ಕಾಗಿ ಬೇಟೆಯಾಡಿದ ಭೀಕರ ಸುದ್ದಿಗಳು ಬಂದದ್ದೂ ಪೂರ್ವ ಆಫ್ರಿಕಾದ ಆ ಭಾಗದಿಂದಲೇ. ವಿಶ್ವಸಂಸ್ಥೆ ಜೂನ್ 13ನ್ನು ಅಂತಾರಾಷ್ಟ್ರೀಯ ಆಲ್ಬಿನಿಸಂ ಜಾಗೃತಿ ದಿನ ಎಂದು 2014ರಲ್ಲಿ ಘೋಷಿಸಿತು. ಈ ವಿಷಯಕ್ಕೇ ಒಬ್ಬ ಸ್ವತಂತ್ರ ತಜ್ಞರ ಹುದ್ದೆಯನ್ನೂ ಮಾಡಿತು. ಅದಕ್ಕೆ ಮೊದಲು ನೇಮಕವಾದವರು ನೈಜೀರಿಯಾದ ಇಕ್ಪೊನ್ವೊಸಾ ಎರೊ, ಸ್ವತಃ ಆಲ್ಬಿನಿಸಂ ಇರುವ ವಕೀಲೆ. ಮಾಲಿ ದೇಶದ ದೊಡ್ಡ ಗಾಯಕ ಸಾಲಿಫ್ ಕೇಟಾ ಕೂಡ ನಮ್ಮವರೇ. ಮಕ್ಕಳಿಗೆ ಈ ಹೆಸರುಗಳನ್ನು ಹೇಳಿ, ಅವರ ಫೋಟೋ ತೋರಿಸಿ. ತನ್ನಂಥ ಮುಖವನ್ನೇ ಕಾಣದೆ ಬೆಳೆಯುವುದು ಬಹಳ ಒಂಟಿತನ.

ಹೆಣ್ಣುಮಕ್ಕಳಿಗಾಗಿ ಒಂದೆರಡು ಮಾತು. ಕೂದಲಿಗೆ ಕಪ್ಪು ಹಚ್ಚಬೇಕಾ ಎಂದು ಬಹಳ ಹುಡುಗಿಯರು ನನ್ನನ್ನು ಕೇಳುತ್ತಾರೆ. ನಾನು ಕಾಲೇಜಿನ ದಿನಗಳಲ್ಲಿ ಹಚ್ಚಿದ್ದೆ, ಆಮೇಲೆ ಬಿಟ್ಟೆ. ಹಚ್ಚಿದಾಗ ಗುಂಪಿನಲ್ಲಿ ಒಬ್ಬಳಾಗಿ ಇರುವ ನೆಮ್ಮದಿ ಸಿಕ್ಕಿತ್ತು, ಆ ವಯಸ್ಸಿಗೆ ಅದು ಬೇಕಿತ್ತು. ಹಚ್ಚಿಕೊಳ್ಳುವವಳು ಹೇಡಿಯಲ್ಲ, ಬಿಡುವವಳು ವೀರಳಲ್ಲ. ನಿರ್ಧಾರ ಅವಳದಾಗಿರಲಿ, ಬೀಗರು ಬರುತ್ತಾರೆ ಎಂದು ಅಮ್ಮ ಹಚ್ಚಿಸುವುದು ಬೇಡ. ಮದುವೆಯ ದಿನ ಮೇಕಪ್ ಮಾಡುವವರು ಫೋಟೋದಲ್ಲಿ ಮುಖ ತೀರಾ ಬಿಳಿ ಬರುತ್ತದೆಂದು ನನಗೆ ಎರಡು ಪಟ್ಟು ಕಂದು ಬಣ್ಣದ ಪೌಡರ್ ತೆಗೆದರು. ಪಕ್ಕದ ಕೋಣೆಯಲ್ಲಿ ನನ್ನ ನಾದಿನಿಗೆ ಅವರದೇ ತಂಡದವರು ಬೆಳ್ಳಗಾಗಿಸುವ ಪೌಡರ್ ಬಳಿಯುತ್ತಿದ್ದರು. ನಾವಿಬ್ಬರೂ ಬೇಡ ಎಂದೆವು. ಅವತ್ತಿನ ಫೋಟೋದಲ್ಲಿ ನಾವಿಬ್ಬರೂ ನಾವು ಇರುವ ಹಾಗೇ ಇದ್ದೇವೆ, ಅದು ನನಗೆ ಇವತ್ತಿಗೂ ಅಚ್ಚುಮೆಚ್ಚು.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

(ಒಬ್ಬ ತಾಯಿ: "ಮಗಳಿಗೆ ಆರು ವರ್ಷ. ಶಾಲೆಯಲ್ಲಿ ಬಿಳಿ ಜಿರಲೆ ಅಂತಾರೆ ಅಂತ ಅಳ್ತಾಳೆ. ಶಾಲೆ ಬದಲಾಯಿಸೋಣ ಅಂತಾರೆ ಮನೆಯವರು.")

ಬದಲಾಯಿಸಬೇಡಿಮ್ಮ, ಈಗಲೇ ಬೇಡ. ಹೊಸ ಶಾಲೆಯಲ್ಲೂ ಮಕ್ಕಳೇ ಇರುತ್ತಾರೆ. ಕ್ಲಾಸ್ ಟೀಚರ್ ಹತ್ತಿರ ಹೋಗಿ ಹತ್ತು ನಿಮಿಷ ಕೇಳಿ. ಮಗಳಿಗೆ ಒಪ್ಪಿಗೆ ಇದ್ದರೆ ಅವಳ ಎದುರಿಗೇ ತರಗತಿಗೆ ವಿಷಯ ಹೇಳಲಿ. ಅವಳಿಗೂ ಮನೆಯಲ್ಲಿ ಒಂದು ಉತ್ತರ ಅಭ್ಯಾಸ ಮಾಡಿಸಿ, ಚಿಕ್ಕದಾಗಿ: "ನನ್ನ ಮೈಯಲ್ಲಿ ಬಣ್ಣ ಆಗಲ್ಲ, ಹುಟ್ಟಿದಾಗಿಂದ ಹೀಗೇ." ಕೂಗಿದವರ ಹೆಸರು ಹೇಳಿದರೆ ನೀವು ನಂಬುತ್ತೀರಿ ಎಂದು ಅವಳಿಗೆ ಗೊತ್ತಿರಲಿ. ಇಷ್ಟಾದಮೇಲೂ ಶಾಲೆಯವರು ಕೈಕಟ್ಟಿ ಕೂತರೆ ಆಗ ಬದಲಾಯಿಸಿ. ತಪ್ಪು ಶಾಲೆಯದು, ಅವಳದಲ್ಲ ಎಂದು ಹೇಳಿ ಬದಲಾಯಿಸಿ.

(ಒಬ್ಬ ತಂದೆ: "ಎರಡನೇ ಮಗು ಬೇಡ ಅಂತ ಎಲ್ಲರೂ ಹೇಳ್ತಿದಾರೆ. ಏನು ಮಾಡೋದು?")

ನಿರ್ಧಾರ ನಿಮ್ಮಿಬ್ಬರದು. ವಂಶವಾಹಿ ಸಮಾಲೋಚಕರನ್ನು ಕಂಡು ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. ನನ್ನದು ಒಂದೇ ಬೇಡಿಕೆ ಅಣ್ಣಾ, ಈ ಚರ್ಚೆ ಮೊದಲ ಮಗುವಿನ ಕಿವಿಗೆ ಬೀಳುವ ಹಾಗೆ ನಡೆಯಬಾರದು. ತನ್ನಂಥ ಇನ್ನೊಬ್ಬರು ಹುಟ್ಟದಿರಲಿ ಎಂದು ಮನೆಯವರೆಲ್ಲ ಮಾತಾಡುವುದನ್ನು ಕೇಳಿದ ಮಗುವಿಗೆ ಆಮೇಲೆ ನಾವು ಯಾವ ಧೈರ್ಯ ತುಂಬುವುದು?

(ಒಬ್ಬ ಶಿಕ್ಷಕರು: "ನಮ್ಮ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಮೊದಲ ಬೆಂಚಿನಲ್ಲಿ ಕೂರಿಸಿದ್ದೇನೆ. ಇನ್ನೇನು ಮಾಡಬಹುದು?")

ಮೊದಲ ಬೆಂಚು ಒಳ್ಳೆಯದೇ ಸರ್, ಆದರೆ ಕಿಟಕಿ ಎದುರಿಗೆ ಬರುವ ಹಾಗೆ ಬೇಡ. ಬೆಳಕು ಅವನ ಬೆನ್ನ ಹಿಂದಿನಿಂದ ಬರಲಿ. ಎಲ್ಲಿ ಕೂತರೆ ಕಾಣುತ್ತದೆ ಎಂದು ಅವನನ್ನೇ ಕೇಳಿ. ಬೋರ್ಡಿನ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳುತ್ತಾ ಬರೆಯಿರಿ. ಬೋರ್ಡಿನ ಫೋಟೋ ತೆಗೆದುಕೊಳ್ಳಲು ಬಿಡಿ. ಪಿ.ಟಿ. ಪೀರಿಯಡ್ ಮಧ್ಯಾಹ್ನ ಇದ್ದರೆ ಬೆಳಗಿನ ಮೊದಲ ಪೀರಿಯಡ್‌ಗೆ ಹಾಕಿಸಿ, ಅವನೊಬ್ಬನನ್ನೇ ಕ್ಲಾಸಿನಲ್ಲಿ ಕೂರಿಸಿ ಹೋಗಬೇಡಿ. ಟೋಪಿ ಯೂನಿಫಾರ್ಮಿನಲ್ಲಿ ಇಲ್ಲ ಎಂಬ ತಕರಾರು ಬಂದರೆ ಮುಖ್ಯೋಪಾಧ್ಯಾಯರಿಂದ ಲಿಖಿತ ಅನುಮತಿ ಪಡೆಯಿರಿ.

ಮುಖ್ಯವಾದದ್ದು ಎಸ್‌ಎಸ್‌ಎಲ್‌ಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಲ್ಬಿನಿಸಂ ಎಂಬ ಹೆಸರಿಲ್ಲ, ಮಂದದೃಷ್ಟಿ ಇದೆ. ಅವನು ಆ ದಾರಿಯಲ್ಲಿ ಹೋಗಬೇಕು. ದೃಷ್ಟಿ ತಪಾಸಣೆ ಮಾಡಿಸಿ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿಸಿ. ಅಂಗವೈಕಲ್ಯ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಬಂದರೆ, ಕೇಂದ್ರದ ಮಾರ್ಗಸೂಚಿಯ ಪ್ರಕಾರ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯಕ್ಕೆ ಅವಕಾಶವಿದೆ, ಬೇಕಿದ್ದರೆ ಬರೆದುಕೊಡುವವರನ್ನೂ ಕೇಳಬಹುದು. ಶೇಕಡಾ 40ಕ್ಕಿಂತ ಕಡಿಮೆ ಬಂದರೂ ಕೈಬಿಡಬೇಡಿ, ಅಂಥವರಿಗೂ 2022ರಲ್ಲಿ ಬೇರೆ ಮಾರ್ಗಸೂಚಿ ಬಂದಿತ್ತು. ಹತ್ತನೇ ತರಗತಿಯ ಫೆಬ್ರವರಿಯಲ್ಲಿ ಓಡಾಡಿದರೆ ಯಾವುದೂ ಆಗುವುದಿಲ್ಲ. ಅವನು ಈಗ ಒಂಬತ್ತರಲ್ಲಿದ್ದಾನೆ ಅಂದಿರಲ್ಲ, ಈ ತಿಂಗಳೇ ಶುರು ಮಾಡಿಸಿ. ಕಾಗದಪತ್ರಕ್ಕೆ ಏನು ಬೇಕೆಂದು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಬಂದಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಅವನಿಗೆ ಒಂದು, ಅವನ ಮನೆಯವರಿಗೆ ಒಂದು ತೆಗೆದುಕೊಂಡು ಹೋಗಿ.